ನಲವತ್ತರ ಸ್ನಾನವಾಯಿತು, ಶುಗರ್ ಪರೀಕ್ಷೆ ಆಯಿತೇ?

ಸಹೋದರಿಯರೇ, ಗರ್ಭಿಣಿಯಾಗಿದ್ದಾಗ ನಿಮಗೆ ಶುಗರ್ ಇದೆ ಎಂದಿದ್ದರೇ? ಹೆರಿಗೆಯೊಂದಿಗೆ ಅದೂ ಹೋಯಿತೆಂದು ನಿಶ್ಚಿಂತೆಯಿಂದ ಇದ್ದೀರಾ? ಹಾಗಿದ್ದರೆ ಈ ಮಾತು ನಿಮಗೇ.

ಮಗು ಬೆಳೆಯುವಾಗ ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತವೆ. ಅದನ್ನು ಮೀರುವಷ್ಟು ಇನ್ಸುಲಿನ್ ತಯಾರಾಗದವರ ರಕ್ತದಲ್ಲಿ ಸಕ್ಕರೆ ಏರುತ್ತದೆ. "ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ್ದು ಇವಳಿಗೆ ಎಲ್ಲಿಂದ ಬಂತು" ಎಂದು ಸೊಸೆಯನ್ನು ನೋಯಿಸುವ ಅತ್ತೆಯಂದಿರು ಇದನ್ನು ತಿಳಿದಿರಲಿ. ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿದು, ಎರಡು ಗಂಟೆ ಬಳಿಕ ರಕ್ತ ಕೊಟ್ಟರೆ ಮಾತ್ರ ಗೊತ್ತಾಗುತ್ತದೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ. ಮೊದಲ ತಪಾಸಣೆಯಲ್ಲೊಮ್ಮೆ, ಆಗ ಸರಿಯಿದ್ದರೆ 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ ಮಾಡಿಸಬೇಕು. ಕಳಸದ ಕಡೆಯ ತೋಟದ ಲೈನಿನಿಂದ ಮಳೆಯಲ್ಲಿ ಬಸ್ಸು ಹಿಡಿದು ಬಂದವರಿಗೆ ಆ ಎರಡು ಗಂಟೆ ದೊಡ್ಡದೇ. ಆದರೂ ಎದ್ದು ಹೋಗಬೇಡಿ. ಗಂಡಂದಿರು ಅಂದು ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಬರಲಿ. ಅದು ಉಪಕಾರವಲ್ಲ.

ಪಥ್ಯವೆಂದರೆ ಅಕ್ಕಿ ರೊಟ್ಟಿ ಬಿಡುವುದಲ್ಲ. ನಾಲ್ಕರ ಬದಲು ಎರಡು ತಿಂದು, ಜೊತೆಗೆ ಸೊಪ್ಪು, ಕಾಳು, ಮೀನು ಹೆಚ್ಚು ಮಾಡಿ. "ಸಕ್ಕರೆಯಲ್ಲ, ಬೆಲ್ಲ ತಾನೇ" ಎಂದು ನಾವು ಮಲೆನಾಡಿನವರು ದಿನಕ್ಕೆ ನಾಲ್ಕು ಸಲ ಕುಡಿಯುವ ಬೆಲ್ಲದ ಕಾಫಿಯೂ ಶುಗರ್ ಏರಿಸುತ್ತದೆ. ಪಥ್ಯದಿಂದ ಇಳಿಯದಿದ್ದರೆ ವೈದ್ಯರು ಇನ್ಸುಲಿನ್ ಕೊಟ್ಟಾರು. ಅದರಿಂದ ಮಗುವಿಗೆ ತೊಂದರೆಯಿಲ್ಲ. ತೊಂದರೆಯಿರುವುದು ಏರಿದ ಸಕ್ಕರೆಯಿಂದ: ಮಗು ಅತಿಯಾಗಿ ದಪ್ಪವಾಗಿ ಹೆರಿಗೆ ಕಷ್ಟವಾಗಬಹುದು. ರಮಝಾನ್ ಬಂದರೆ ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬೇಡಿ. ಗರ್ಭಿಣಿಗೆ ದೀನ್‌ನಲ್ಲೇ ವಿನಾಯಿತಿ ಇದೆ.

ಇನ್ನು ಹೆರಿಗೆಯ ನಂತರದ ಮಾತು. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷಿಸಿದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಈ ಮಧುಮೇಹವಿತ್ತು. ಐದು ವರ್ಷಗಳ ಬಳಿಕ ಅವರನ್ನೇ ಮತ್ತೆ ಪರೀಕ್ಷಿಸಿದಾಗ ನೂರಕ್ಕೆ 37 ಮಂದಿಗೆ ಕಾಯಂ ಮಧುಮೇಹ ಬಂದಿತ್ತು. ಗರ್ಭಾವಸ್ಥೆಯಲ್ಲಿ ಶುಗರ್ ಇಲ್ಲದಿದ್ದವರಲ್ಲಿ ನೂರಕ್ಕೆ ಎರಡು ಮಾತ್ರ.

ಹಾಗಾಗಿ ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಆಗಲೇಬೇಕು. ಆರು ವಾರವೆಂದರೆ 42 ದಿನ. ನಲವತ್ತರ ಸ್ನಾನಕ್ಕೆ ನಮ್ಮ ಮನೆಗಳಲ್ಲಿ ನೀರು ಕಾಯಿಸುವವರಿದ್ದಾರೆ, ಹೊಸ ಬಟ್ಟೆ ತರುವವರಿದ್ದಾರೆ. ಮರುದಿನ ರಕ್ತ ಪರೀಕ್ಷೆಗೆ ಕರೆದೊಯ್ಯುವವರು ಮಾತ್ರ ಯಾರೂ ಇರುವುದಿಲ್ಲ. ಮಗುವಿಗೆ ಆರನೇ ವಾರದ ಚುಚ್ಚುಮದ್ದು ಹಾಕಿಸಲು ಹೇಗೂ ಆಸ್ಪತ್ರೆಗೆ ಹೋಗುತ್ತೀರಲ್ಲ, ಪರೀಕ್ಷೆಯೂ ಅದೇ ದಿನ ಆಗುವುದೇ ಎಂದು ಆಶಾ ಕಾರ್ಯಕರ್ತೆಯಲ್ಲಿ ಮೊದಲೇ ಕೇಳಿಕೊಳ್ಳಿ. ಈ ಸಲ ಬೆಳಿಗ್ಗೆ ಏನೂ ತಿನ್ನದೆ ಹೋಗಬೇಕು. ಎರಡು ಗಂಟೆ ಕೂರಲಿಕ್ಕಿದೆ, ಮಗುವನ್ನು ಎತ್ತಿಕೊಳ್ಳಲು ಅತ್ತೆಯನ್ನೋ ನಾದಿನಿಯನ್ನೋ ಕರೆದುಕೊಳ್ಳಿ.