ಒಂದ ಬಕೀಟ ನೀರಿನ ಕೂದ್ಲ

ಭಾಗ 1

"ಅಕ್ಕಾ, ಕೂದ್ಲ ಒಣ ಕಣಕಿ ಆಗೇತಿ. ಮದ್ವಿ ಸೀಜನ್ ಬಂತು, ಸ್ಮೂದನಿಂಗ್ ಮಾಡಿಸ್ಲ್ಯಾ?" ಈ ತಿಂಗಳು ನನ್ನ ಇನ್‌ಬಾಕ್ಸಿನ್ಯಾಗ ಬರೇ ಇದೇ ಮಾತು. ಕೇಳಿದವರಾಗ ಇಬ್ರು ನಮ್ಮ ಕ್ಲಾಸಿನವರ ಅದಾರ, ಹೆಸರ ಹೇಳಂಗಿಲ್ಲ.

ನನ್ನ ಉತ್ತರ: ಬ್ಯಾಡ್ರಿ.

ಹೋದ ವರ್ಷ ನಾನೂ ಮಾಡಿಸಿದ್ದೆ. ಸ್ಕಾಲರ್‌ಶಿಪ್ ರೊಕ್ಕ ಬಂದಿತ್ತು, ಅದ್ರಾಗ 4,000 ತಗೊಂಡು ಹೋಗಿ ಕುಂತೆ. ಎಲ್ಲಿ ಅಂತ ಕೇಳಬ್ಯಾಡ್ರಿ. ಕ್ರೀಮ್ ಹಚ್ಚಿ ಮಷಿನ್ ಎಳಿಯುವಾಗ ಬಂದ ಹೊಗಿಗೆ ಕಣ್ಣಾಗ ನೀರು, ಗಂಟಲಾಗ ಉರಿ. "ಎಲ್ಲಾರಿಗೂ ಹಂಗ ಆಗತೈತಿ" ಅಂದ್ರು. ಮೂರು ದಿನ ತಲಿ ತೋಯಿಸಬ್ಯಾಡ ಅಂದ್ರು. ಏಪ್ರಿಲ್ ತಿಂಗಳು, ಯಲಬುರ್ಗಾದಾಗ, ಮೂರು ದಿನ! ಮೊದಲ ತಿಂಗಳು ಕೂದ್ಲ ರೇಷ್ಮಿ. ನಾಲ್ಕನೇ ತಿಂಗಳಿಗೆ ಬುಡದಾಗ ನನ್ನ ಹಳೇ ಅಲಿ ವಾಪಸ್, ತುದಿಯಾಗ ನೆಟ್ಟಗಿನ ಕಡ್ಡಿ, ನಡುವ ಮುರಿಯೋದು. ಕಡೀಕ ಭುಜದ ತನಕ ಕತ್ತರಿಸಿದೆ. ಅಪ್ಪಗ ಇವತ್ತಿಗೂ "ಪುಸ್ತಕಕ್ಕ ಖರ್ಚಾತು" ಅಂತನ ಗೊತ್ತು. ಅಪ್ಪಾ ಇನ್‌ಸ್ಟಾದಾಗ ಇಲ್ಲ, ಅದೊಂದು ಪುಣ್ಯ.

ಭಾಗ 2

ರೊಕ್ಕ ಹೋಗಿದ್ದು ಸಣ್ಣ ಮಾತು. ಆ ಹೊಗಿ ಏನು ಅಂತ ಆಮ್ಯಾಲ ಓದಿದೆ. ಇಂಥ ಎಷ್ಟೋ ಕ್ರೀಮ್‌ಗಳಿಂದ ಬಿಸಿ ತಗುಲಿದಾಗ ಫಾರ್ಮಾಲ್ಡಿಹೈಡ್ ಅನ್ನೋ ಅನಿಲ ಹೊರಗ ಬರತೈತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. "ನಮ್ಮದು ಫಾರ್ಮಾಲ್ಡಿಹೈಡ್ ಇಲ್ಲದ್ದು" ಅಂತ ಬಾಟ್ಲಿ ಮ್ಯಾಲ ಬರೆದಿದ್ರೂ ಒಳಗ ಗ್ಲೈಆಕ್ಸಿಲಿಕ್ ಆಸಿಡ್ ಇರಬಹುದು. 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ 26 ವರ್ಷದ ಒಬ್ಬ ಹೆಣ್ಣುಮಗಳ ವಿಷಯ ಬಂತು. 2020, 2021, 2022, ಮೂರು ಸಲ ಕೂದಲು ನೆಟ್ಟಗ ಮಾಡಿಸಿದ್ಲು, ಮೂರೂ ಸಲ ವಾಂತಿ, ಜ್ವರ, ಬೆನ್ನುನೋವು ಬಂದು ಕಿಡ್ನಿಗೆ ಪೆಟ್ಟು ಬಿತ್ತು. ಹಚ್ಚುವಾಗ ತಲಿ ಉರೀತಿತ್ತು ಅಂತ ಆಕಿನೂ ಹೇಳಿದ್ಲು. ಮಾಡಿಸಿದವರಿಗೆಲ್ಲಾ ಹಿಂಗ ಆಗತೈತಿ ಅಂತ ನಾ ಹೆದರಸಂಗಿಲ್ಲ. ಆದ್ರ ತಲಿ ಉರಿದ್ರ "ಎಲ್ಲಾರಿಗೂ ಆಗತೈತಿ" ಅಂದವರ ಮಾತು ಕೇಳಿ ಸುಮ್ಮನ ಕುಂಡ್ರಬ್ಯಾಡ್ರಿ, ಎದ್ದು ತೊಳಕೊಂಡು ಬರ್ರಿ.

ಭಾಗ 3

ಈಗ ನಮ್ಮ ನೀರು. ನಮ್ಮ ಮನ್ಯಾಗ ಬಕೀಟಿನ ಅಂಚಿಗೆ, ನಳದ ಬಾಯಿಗೆ ಬೆಳ್ಳಗ ಕಟ್ಟೇತಿ. ನಿಮ್ಮ ಮನ್ಯಾಗೂ ಇರಬೇಕು, ನೋಡ್ರಿ. ಬೋರಿನ ಸವಳ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದು. ಸಾಬೂನು ಹಚ್ಚಿದ್ರ ಈ ಉಪ್ಪು ಸಾಬೂನಿನ ಕೂಡ ಸೇರಿ ಜಿಗಟು ಪದರ ಆಗಿ ಕೂದಲಿಗೆ ಕುಂಡ್ರತೈತಿ. ಆಮ್ಯಾಲ ಎಷ್ಟ ತಂಬಿಗಿ ಸುರಕೊಂಡ್ರೂ ಹೋಗಂಗಿಲ್ಲ. ಕೂದ್ಲ ಒರಟು, ಕಳೆ ಇಲ್ಲ, ಗಂಟು. (ನಮ್ಮ ಜಿಲ್ಲಾದ ನೀರು ಅಂದಕೂಡ್ಲೆ ಎಲ್ಲಾರೂ ಫ್ಲೋರೈಡ್ ಅಂತಾರ. ಅದು ಹಲ್ಲು, ಎಲುಬಿನ ದೊಡ್ಡ ತ್ರಾಸು, ನಿಜ. ಕೂದಲು ಒರಟಾಗೋದಕ್ಕ ಕಾರಣ ಮಾತ್ರ ಈ ಗಡಸುತನ.)

ಅಲಿ ಕೂದ್ಲದವರಿಗೆ ಇನ್ನೊಂದು ಕಷ್ಟ. ನೆತ್ತಿ ಬಿಡೋ ಎಣ್ಣಿ ನೆಟ್ಟಗಿನ ಕೂದಲಾಗ ಸರಳ ಕೆಳಗಿಳೀತೈತಿ, ನಮ್ಮದ್ರಾಗ ಬಾಗು ಬಾಗಿಗೆ ನಿಂತಬಿಡತೈತಿ. ಬುಡ ಜಿಡ್ಡು, ತುದಿ ಒಣ.

ಯೂಟ್ಯೂಬ್ ನೋಡಿದ್ರ 12 ಬಾಟ್ಲಿ ತೋರಸ್ತಾರ. ಅದ್ರ ಮೂಲ ಲೊರೇನ್ ಮ್ಯಾಸಿ 2001ರಲ್ಲಿ ತಂದ "ಕರ್ಲಿ ಗರ್ಲ್" ಪುಸ್ತಕ. ಆಕಿ ಹೇಳಿದ್ರಾಗ ಒಣ ಕೂದಲು ಬಾಚಬ್ಯಾಡ ಅನ್ನೋದು ಬಂಗಾರದಂಥ ಮಾತು. ಶಾಂಪೂನ ಬ್ಯಾಡ, ಬರೇ ಕಂಡೀಷನರ್‌ಲೇ ತೊಳಿ ಅನ್ನೋದು ಶವರ್ ತಿರುವಿದ್ರ ನೀರು ಬರೋ ಊರಿನ ಮಾತು. ಹಾಸ್ಟೆಲ್‌ನ್ಯಾಗ ಒಬ್ಬೊಬ್ಬರಿಗೆ ಒಂದ ಬಕೀಟ. ಅದ್ರಾಗ ಕಂಡೀಷನರ್ ತೊಳ್ಯೂದ್ರಾಗ ಮೊದಲ ಗಂಟೆ ಕ್ಲಾಸ್ ಮುಗಿದಿರತೈತಿ.

ಭಾಗ 4

ನಾ ಮಾಡೋದು ಹೇಳ್ತೀನಿ. ವಾರಕ್ಕ ಎರಡ ಸಲ, ಒಂದ ಬಕೀಟ.

ಎಣ್ಣಿ ತಲಿ ಎರಕೊಳ್ಳೋ ಹಿಂದಿನ ರಾತ್ರಿ, ಎರಕೊಂಡ ಮ್ಯಾಲ ಅಲ್ಲ. ನಮ್ಮ ಅವ್ವಂದಿರು ಉಲ್ಟಾ ಮಾಡ್ತಾರ, ಒಣಗಿದ ಮ್ಯಾಲ ಎಣ್ಣಿ ಮೆತ್ತಿ ಜಗ್ಗಿ ಬಾಚತಾರ. ಕೊಬ್ಬರಿ ಎಣ್ಣಿ ಕೂದಲ ಎಳಿ ಒಳಗ ಇಳಿದು ತೊಳೆಯುವಾಗ ಪ್ರೋಟೀನ್ ಹೋಗೋದನ್ನ ಕಡಿಮಿ ಮಾಡತೈತಿ, ಸೂರ್ಯಕಾಂತಿ ಎಣ್ಣಿ ಹಂಗ ಮಾಡಂಗಿಲ್ಲ ಅಂತ 2003ರ ಒಂದು ಸಂಶೋಧನೆ ಐತಿ. ಅದನ್ನ ಮಾಡಿದವರು ಕೊಬ್ಬರಿ ಎಣ್ಣಿ ಮಾರೋ ಕಂಪನಿಯವರ ಅನ್ನೋದೂ ಗೊತ್ತಿರ್ಲಿ. ನನಗಂತೂ ಫರಕ ಕಂಡೇತಿ.

ಮೈ ಸಾಬೂನು ತಲಿಗೆ ಮುಟ್ಟಿಸಬ್ಯಾಡ್ರಿ. ಶಾಂಪೂ ಇಲ್ಲಾಂದ್ರ ಸೀಗಿಕಾಯಿ, ಅದೂ ನೆತ್ತಿಗೆ ಮಾತ್ರ. ತುದಿಗೆ ನೊರಿ ಹರಿದು ಹೋದ್ರ ಸಾಕು. ಆಮ್ಯಾಲ ಕಂಡೀಷನರ್ ಅರ್ಧ ಸ್ಯಾಶೆ, ಕಿವಿಯಿಂದ ಕೆಳಗಷ್ಟ. ಅದು ಕೂದಲಾಗ ಇರುವಾಗನ ಅಗಲ ಹಲ್ಲಿನ ಹಣಿಗಿಲೇ ತುದಿಯಿಂದ ಮ್ಯಾಲಕ್ಕ ಬಿಡಿಸ್ರಿ. ವಾರದಾಗ ಹಣಿಗಿ ಕೆಲಸ ಇಷ್ಟ. ಕಡೀ ತಂಬಿಗಿ ಶುದ್ಧ ನೀರಿನ ಘಟಕದ್ದು ಆದ್ರ ಚಲೋ. ಕುಡಿಯೋ ನೀರು ತಲಿಗೆ ಸುರಕೊಂಡ್ರ ಅವ್ವ ಬೈತಾಳ, ಒಂದ ತಂಬಿಗಿಗೆ ಮಾತ್ರ ಒಪ್ಪಿಸ್ರಿ.

ಟವೆಲ್‌ಲೇ ತಿಕ್ಕಬ್ಯಾಡ್ರಿ. ಅಜ್ಜನ ಹಳೇ ದೋತರ ಇದ್ರ ತಗೋರಿ, ಅದಕ್ಕಿಂತ ಮೆತ್ತಗಿನ ಅರಬಿ ಇಲ್ಲ. ಕೂದ್ಲ ಅದ್ರಾಗ ಮುದ್ದಿ ಮಾಡಿ ಹಿಂಡ್ರಿ, ಬಿಡ್ರಿ.

ಇನ್ನ ನನ್ನ ಜೆಲ್, ಅಗಸಿ. ಹೌದು, ಚಟ್ನಿ ಪುಡಿ ಅಗಸಿನ! ಎರಡ ದೊಡ್ಡ ಚಮಚ ಅಗಸಿ, ಒಂದ ಕಪ್ ನೀರು, ಸಣ್ಣ ಉರಿ, ಕೈ ಆಡಿಸ್ತಾ ಏಳೆಂಟು ನಿಮಿಷ. ಚಮಚ ಎತ್ತಿದ್ರ ಲೋಳಿ ಎಳಿ ಎಳಿಯಾಗಿ ಬಿತ್ತಂದ್ರ ಕೂಡ್ಲೆ ಇಳಿಸಿ, ಬಿಸಿ ಇರುವಾಗನ ತೆಳು ಅರಬಿಯಾಗ ಸೋಸ್ರಿ. ಆರಿದ ಮ್ಯಾಲ ಸೋಸಾಕ ಹೋದ್ರ ದೇವರ ಬಂದ್ರೂ ಇಳ್ಯಂಗಿಲ್ಲ, ನಾ ಮೊದಲ ಸಲ ಇಡೀ ಪಾತ್ರಿ ಚೆಲ್ಲೀನಿ. ಹಸಿ ಕೂದಲಿಗೆ ಅಂಗೈಲೇ ಹಚ್ಚಿ, ಕೆಳಗಿಂದ ಮ್ಯಾಲಕ್ಕ ಹಿಚುಕಿ ಬಿಡ್ರಿ. ಒಣಗಿದಾಗ ಗರಿಗರಿ ಆಗತೈತಿ, ಹೆದರಬ್ಯಾಡ್ರಿ, ಪೂರ್ತಿ ಒಣಗಿದ ಮ್ಯಾಲ ಒಮ್ಮೆ ಹಿಚುಕಿದ್ರ ಮೆತ್ತಗ. ಫ್ರಿಜ್‌ನ್ಯಾಗ ಒಂದ ವಾರ ಇರತೈತಿ. ಫ್ರಿಜ್ ಇಲ್ಲದವರು ಅವತ್ತಿಗೆ ಬೇಕಾದಷ್ಟ ಮಾಡ್ಕೋರಿ, ಬ್ಯಾಸಗ್ಯಾಗ ನಾಳಿಗೆ ನಾರತೈತಿ.

ಭಾಗ 5

"ಗುಬ್ಬಿ ಗೂಡು ಹೊತ್ಕೊಂಡು ಬಂದ್ಯಾ" ಅಂತ ಕ್ಲಾಸಿನ್ಯಾಗ ಎಲ್ಲಾರ ಮುಂದ ಅನಿಸ್ಕೊಂಡಾಕಿ ನಾನು. ನಾ ಸ್ಮೂದನಿಂಗ್‌ಗೆ ಹೋಗಿದ್ದು ಒಣ ಕೂದಲಿಗಲ್ಲ, ಆ ಮಾತಿಗೆ. ನಿಮ್ಮಾಗೂ ಬಾಳ ಮಂದಿ ಹಂಗ ಅಂತ ನಿಮ್ಮ ಮೆಸೇಜ್ ಓದಿದ್ರ ತಿಳೀತೈತಿ.

ಕೊಪ್ಪಳದ ಬಾಜೂಕ ಭಾಗ್ಯನಗರ ಐತಲ್ಲ, ಕೈಮಗ್ಗದ ಸೀರಿ ಊರು. ಅಲ್ಲಿ ಇನ್ನೊಂದು ದೊಡ್ಡ ಉದ್ಯೋಗ ಕೂದಲಿಂದು. ಹಣಿಗಿಗೆ ಬಂದ ಕೂದಲಾ ಉಂಡಿ ಮಾಡಿ ಗ್ವಾಡಿ ಸಂದ್ಯಾಗ ತುರುಕಿಟ್ಟು, ಓಣಿಗೆ ಬಂದ ವ್ಯಾಪಾರದವರಿಗೆ ಕೊಟ್ಟು ಪಾತ್ರಿ ತಗೊಳ್ಳೋದು ನಿಮ್ಮನ್ಯಾಗೂ ಇರಬೇಕು. ಅಂಥ ಕೂದ್ಲ ಅಲ್ಲಿ ಸೇರತೈತಿ. ಹೆಣ್ಣಮಕ್ಕಳು ದಿನಗೂಲಿಗೆ ಕುಂತು ಎಳಿ ಎಳಿ ಬಿಡಿಸಿ, ಉದ್ದ ನೋಡಿ ಜೋಡಸ್ತಾರ. ಅದು ವಿಗ್ ಮಾಡಾಕ ಹೊರದೇಶಕ್ಕ ಹೋಗತೈತಿ. ಅಲ್ಲಿ ಅಂಗಡ್ಯಾಗ "ಇಂಡಿಯನ್, ನ್ಯಾಚುರಲ್ ವೇವಿ" ಅಂತನ ಹೆಸರು ಹಚ್ಚಿ ಮಾರೋ ವಿಗ್ ಅದಾವು, ಅಗ್ಗಕ್ಕ ಸಿಗಂಗಿಲ್ಲ. ಕೆಮಿಕಲ್ ಮುಟ್ಟದ ಕೂದಲಿಗನ ರೇಟ್ ಜಾಸ್ತಿ. ನಾ 4,000 ಕೊಟ್ಟು ತೆಗೆಸಿದ ಅಲಿನ ಯಾರೋ ರೊಕ್ಕ ಕೊಟ್ಟು ತಲಿ ಮ್ಯಾಲ ಇಟ್ಕೋತಾರ. ಇದು ಗೊತ್ತಾದಾಗ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಮದ್ವಿ ಇದ್ದವರು ಒಂದ ತಿಂಗಳು ಇಷ್ಟ ಮಾಡ್ರಿ. ಅವತ್ತು ಮುಂಜಾನೆ ಅಗಸಿ ಲೋಳಿ ಹಚ್ಚಿ, ಅರ್ಧ ಕೂದ್ಲ ಹಿಂದ ಕ್ಲಿಪ್ ಹಾಕಿ, ಒಂದ ಮೊಳ ಮಲ್ಲಿಗಿ ಮುಡಿಸ್ರಿ. ನನ್ನ ಹೊಸ ಕೂದ್ಲ ಈಗ ಭುಜ ದಾಟೇತಿ, ಕಡೀ ಫೋಟೋದಾಗ ಐತಿ ನೋಡ್ರಿ, ಫಿಲ್ಟರ್ ಹಾಕಿಲ್ಲ.

#ಅಲಿಕೂದ್ಲ #ಯಲಬುರ್ಗಾ #ಅಗಸಿಜೆಲ್