ಏನು ಕಲಿತೆ ಎಂದು ಕೇಳಬೇಡಿ

ಮಗು ಲಾಡು ತಿಂದಾಗ ‘ಇದರಿಂದ ಏನು ಕಲಿತೆ?’ ಎಂದು ಯಾರೂ ಕೇಳುವುದಿಲ್ಲ. ಜೋಕಾಲಿಯಿಂದ ಇಳಿದಾಗ ಕೇಳುವುದಿಲ್ಲ. ಮಳೆನೀರಿನಲ್ಲಿ ಕಾಗದದ ದೋಣಿ ಬಿಟ್ಟು ಮೈಯೆಲ್ಲ ತೊಯ್ಸಿಕೊಂಡು ಬಂದಾಗ ಬೈಯುತ್ತಾರೆ, ಆದರೂ ಈ ಪ್ರಶ್ನೆ ಕೇಳುವುದಿಲ್ಲ. ಅದೇ ಮಗು ತಾನಾಗಿ ಒಂದು ಪುಸ್ತಕ ಓದಿ ಮುಗಿಸಿ, ನಗುತ್ತಾ ತಲೆ ಎತ್ತಿತೋ, ಮನೆಯಲ್ಲಿದ್ದವರೆಲ್ಲ ಸ್ಕೂಲ್ ಇನ್‌ಸ್ಪೆಕ್ಟರುಗಳಾಗಿಬಿಡುತ್ತಾರೆ. ಕತೆಯ ನೀತಿ ಏನು? ಹೊಸ ಪದ ಎಷ್ಟು ಬಂತು? ಎಲ್ಲಿ, ಒಂದು ಸಲ ಜೋರಾಗಿ ಓದು ನೋಡೋಣ! ಪಾಪ, ನಗು ಅಲ್ಲಿಗೇ ಆರಿಹೋಗುತ್ತದೆ. ಮಾರನೆಯ ದಿನ ಆ ಮಗು ಪುಸ್ತಕ ಮುಟ್ಟದಿದ್ದರೆ, ‘ಈಗಿನ ಮಕ್ಕಳಿಗೆ ಓದುವ ಹುಚ್ಚೇ ಇಲ್ಲ ಕಣ್ರೀ, ಹೊತ್ತಿಗೂ ಮೊಬೈಲು’ ಎಂಬ ನಿಟ್ಟುಸಿರು ಬೇರೆ.

ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. ಹನ್ನೆರಡು ವರ್ಷದಿಂದ ಮನೆಯ ಜಗಲಿಯ ಮೇಲೆ ಒಂದು ಹಳೆಯ ಕಪಾಟಿನಲ್ಲಿ ಮಕ್ಕಳ ಪುಸ್ತಕ ಇಟ್ಟಿದ್ದೇನೆ. ಲೈಬ್ರರಿ ಎಂದು ದೊಡ್ಡ ಹೆಸರಿನಿಂದ ಕರೆಯುವಂಥದ್ದೇನಲ್ಲ. ರಿಜಿಸ್ಟರಿಲ್ಲ, ದಂಡವಿಲ್ಲ, ಹರಿದರೆ ಅಂಟಿಸಲು ಮೈದಾಹಿಟ್ಟಿನ ಗೋಂದು ಇದೆ. ಶಾಲೆ ಬಿಟ್ಟ ಮೇಲೆ ಬೀದಿಯ ಮಕ್ಕಳು ಬರುತ್ತಾರೆ, ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಅವರ ಅಮ್ಮಂದಿರೂ ಬರುತ್ತಾರೆ, ಮಕ್ಕಳು ಆರಿಸಿದ್ದನ್ನು ಬದಲಾಯಿಸಲಿಕ್ಕೆ! ನನ್ನ ಜಗಳ ಇರುವುದು ಈ ಅಮ್ಮಂದಿರೊಂದಿಗೆ. ಪ್ರೀತಿಯ ಜಗಳ ಅನ್ನಿ, ಆದರೂ ಜಗಳವೇ.

‘ಅಕ್ಕಾ, ಇದರಲ್ಲಿ ಬರೀ ಚಿತ್ರ. ಓದಲಿಕ್ಕೆ ನಾಲ್ಕೇ ಸಾಲು. ಸ್ವಲ್ಪ ದಪ್ಪದ್ದು ಕೊಡಿ.’

‘ಇಲಿ ಟೋಪಿ ಹಾಕಿಕೊಂಡು ಸಂತೆಗೆ ಹೋಯಿತಂತೆ! ಇದನ್ನು ಓದಿ ಏನಾಗಬೇಕು? ಜನರಲ್ ನಾಲೆಡ್ಜಿಂದು ಇಲ್ವಾ?’

‘ಇವನು ಅದೇ ಪುಸ್ತಕವನ್ನು ಏಳನೇ ಸಲ ಓದ್ತಾ ಇದಾನೆ ಅಕ್ಕಾ. ನೀವಾದರೂ ಬೇರೆ ಕೊಡಿ.’

ಅಂಗಡಿಗೆ ಹೋದರೂ ಇದೇ ಲೆಕ್ಕಾಚಾರ. ಅರವತ್ತು ರೂಪಾಯಿಗೆ ಹದಿನಾರೇ ಪುಟವೇ ಎಂದು ಚೌಕಾಸಿ. ಪುಸ್ತಕವೇನು ಬೇಳೆಕಾಳೇ, ಕಿಲೋ ಲೆಕ್ಕದಲ್ಲಿ ತೂಗಲು? ನಮ್ಮೂರಿನ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಓಟದಲ್ಲಿ ಗೆದ್ದ ಎರಡನೇ ಕ್ಲಾಸಿನ ಹುಡುಗಿಗೆ ಬಹುಮಾನವಾಗಿ ಕೊಟ್ಟದ್ದು ಪ್ರಬಂಧ ಮತ್ತು ಪತ್ರಲೇಖನದ ಪುಸ್ತಕ. ಅವಳು ಅದನ್ನು ಮರುದಿನವೇ ನನ್ನ ಕಪಾಟಿಗೆ ದಾನ ಮಾಡಿ ಇಲಿಯ ಪುಸ್ತಕ ತೆಗೆದುಕೊಂಡು ಹೋದಳು. ನ್ಯಾಯವಾದ ವ್ಯಾಪಾರ!

ಆರರಿಂದ ಎಂಟು ವರ್ಷದ ಮಗುವಿಗೆ ಕನ್ನಡ ಓದುವುದೆಂದರೆ ಎಂಥ ಕೆಲಸ ಎಂಬುದನ್ನು ಒಂದು ಗಳಿಗೆ ಯೋಚಿಸಿ. ವರ್ಣಮಾಲೆಯ 49 ಅಕ್ಷರ ಬರೀ ಹೊಸ್ತಿಲು. 34 ವ್ಯಂಜನಗಳ ಕಾಗುಣಿತ ಸೇರಿದರೆ ನಾನೂರು ದಾಟಿತು. ಮೇಲೆ ಒತ್ತಕ್ಷರ. ಕೆಲವು ಒತ್ತುಗಳು ಮೂಲ ಅಕ್ಷರದ ಹಾಗೆಯೇ ಇರುತ್ತವೆ, ಪರವಾಗಿಲ್ಲ. ಆದರೆ ತ, ನ, ಮ, ಯ, ರಗಳ ಒತ್ತು ನೋಡಿ. ಅಮ್ಮನಿಗೂ ಮಗಳಿಗೂ ಒಂದಿಷ್ಟೂ ಹೋಲಿಕೆಯಿಲ್ಲ. ಇನ್ನು ಅರ್ಕಾವೊತ್ತು. ‘ಸೂರ್ಯ’ ಎನ್ನುವಾಗ ಬಾಯಿ ಮೊದಲು ಹೇಳುವ ‘ರ್’ ಸದ್ದನ್ನು ಕೈ ಆಮೇಲೆ ಬರೆಯುತ್ತದೆ. ಇಷ್ಟನ್ನು ದಾಟಿ ಬಂದ ಮಗುವಿನ ಮುಂದೆ ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಎಂಬ ಬಂಡೆಗಳು! ನಾವು ಮನೆಯಲ್ಲಿ ‘ಹೋಗ್ತಾ ಇದಾನೆ’ ಎಂದರೆ ಪುಸ್ತಕ ‘ಹೋಗುತ್ತಿದ್ದಾನೆ’ ಎನ್ನುತ್ತದೆ. ಮಗು ಅಕ್ಷರವನ್ನೂ ಒಡೆಯಬೇಕು, ತನ್ನ ಮನೆಮಾತಲ್ಲದ ಮಾತನ್ನೂ ಒಡೆಯಬೇಕು.

ಒಂದು ಸಾಲು ಓದುವುದೆಂದರೆ ಆ ಪುಟ್ಟ ಕೈಯಿಂದ ಒಂದು ತೆಂಗಿನಕಾಯಿ ಸುಲಿದು ಒಡೆದ ಹಾಗೆ. ಅಷ್ಟು ಕಷ್ಟಪಟ್ಟು ಒಡೆದ ಮೇಲೆ ಒಳಗೆ ತಿರುಳಿರಬೇಡವೇ? ‘ಸದಾ ಸತ್ಯವನ್ನೇ ನುಡಿಯಬೇಕು’ ಎಂಬ ಗೊತ್ತಿರುವ ಮಾತೇ ಸಿಕ್ಕರೆ ಯಾವ ಮಗು ಎರಡನೇ ಕಾಯಿಗೆ ಕೈಹಾಕೀತು? ಟೋಪಿ ಹಾಕಿದ ಇಲಿ ಮುಂದಿನ ಪುಟದಲ್ಲಿ ಬೆಕ್ಕಿನ ಎದುರಿಗೇ ನಿಲ್ಲುತ್ತದೆ ಎಂದರೆ ಮಗು ಮುಂದಿನ ಪುಟ ತಿರುಗಿಸುತ್ತದೆ. ಹೊಸದಾಗಿ ಓದಲು ಕಲಿತವರ ಪುಸ್ತಕಕ್ಕೆ ಇರುವ ಕೆಲಸ ಇದೊಂದೇ: ಮುಂದಿನ ಪುಟ ತಿರುಗಿಸುವಂತೆ ಮಾಡುವುದು. ಅದೊಂದನ್ನು ಮಾಡಿದರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ.

ಏಳು ಸಲ ಅದೇ ಪುಸ್ತಕ ಓದುವ ಹುಡುಗನ ಗುಟ್ಟೂ ಇಲ್ಲೇ ಇದೆ. ಮೊದಲ ಸಲ ಓದುವಾಗ ಮಗುವಿಗೆ ಕಾಣುವುದು ಅಕ್ಷರ. ಎರಡನೇ, ಮೂರನೇ ಸಲಕ್ಕೆ ಇಡೀ ಪದ ಕಾಣತೊಡಗುತ್ತದೆ. ಆಮೇಲಷ್ಟೇ ಕತೆ ಸಲೀಸಾಗಿ ಹರಿಯುವುದು. ಮುಂದೇನಾಗುತ್ತದೆ ಎಂದು ಗೊತ್ತಿದ್ದೂ ನಗುವುದಿದೆಯಲ್ಲ, ಅದು ಗೆದ್ದವರ ನಗು. ಸಂಗೀತ ಕಲಿಯುವವಳು ಸರಳೆ ವರಸೆಯನ್ನು ನೂರು ಸಲ ಹೇಳಿದರೆ ಸಾಧನೆ ಎನ್ನುತ್ತೇವೆ. ಮಗು ಒಂದು ಪುಸ್ತಕವನ್ನು ಏಳು ಸಲ ಓದಿದರೆ ಮಾತ್ರ ‘ಬೇರೆ ಕೊಡಿ’ ಎನ್ನುತ್ತೇವೆ!

ಕತೆಯ ಕೊನೆಗೆ ದಪ್ಪಕ್ಷರದಲ್ಲಿ ‘ನೀತಿ’ ಎಂದು ಅಚ್ಚು ಹಾಕುವವರ ಮೇಲೆ ನನಗೆ ವಿಶೇಷ ಸಿಟ್ಟಿದೆ. ಬೆಲ್ಲದೊಳಗೆ ಮಾತ್ರೆ ಇಟ್ಟು ನುಂಗಿಸುವ ಉಪಾಯ ಜ್ವರ ಬಂದಾಗ ಸರಿ. ದಿನವೂ ಹಾಗೇ ಮಾಡಿದರೆ ಮಗು ಬೆಲ್ಲ ಕಂಡರೂ ಓಡುತ್ತದೆ. ಒಳ್ಳೆಯ ಬರಹಗಾರರು ಇದನ್ನು ಬಲ್ಲವರು. ಪಂಜೆ ಮಂಗೇಶರಾಯರು (1874–1937) ಸ್ವತಃ ಶಾಲಾ ಇನ್‌ಸ್ಪೆಕ್ಟರಾಗಿದ್ದವರು. ಅಂಥವರು ಮಕ್ಕಳ ಕತೆಗೆ ಇಟ್ಟ ಒಂದು ಹೆಸರು ‘ಗುಡು ಗುಡು ಗುಮ್ಮಟ ದೇವರು’. ಹೆಸರು ಹೇಳುವಾಗಲೇ ಮಗುವಿನ ನಾಲಿಗೆ ಕುಣಿಯುತ್ತದೆ. ಜಿ.ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯದಲ್ಲಿ ಜಂಬಕ್ಕೆ ತಕ್ಕ ಶಾಸ್ತಿ ಆಗುವುದೇನೋ ನಿಜ. ಆದರೆ ಆ ಪದ್ಯ ಹಾಡಿಕೊಂಡು ಬೆಳೆದ ನಮ್ಮಲ್ಲಿ ಯಾರಿಗೆ ಮೊದಲು ನೆನಪಾಗುವುದು ಉಪದೇಶ? ನೆನಪಾಗುವುದು ಆ ತುತ್ತೂರಿ, ಅದರ ಸದ್ದು, ಅದು ನೀರಿಗೆ ಬಿದ್ದಾಗ ಕಸ್ತೂರಿಯ ಫಜೀತಿ. ಕುವೆಂಪು ಅವರು ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯವನ್ನು ಬೊಮ್ಮನಹಳ್ಳಿಗೆ ಕರೆತಂದಾಗ ಮಕ್ಕಳಿಗೆ ಕೊಟ್ಟದ್ದೂ ಇಲಿಗಳ ಗದ್ದಲವನ್ನೇ. ದೊಡ್ಡ ಕವಿಗಳಿಗೆ ಇಲಿಯ ಬಗ್ಗೆ ಬರೆಯಲು ಸಂಕೋಚವಿರಲಿಲ್ಲ. ಅದನ್ನು ಮಕ್ಕಳಿಗೆ ಕೊಡಲು ನಮಗೇಕೆ?

ಗೆಳತಿಯರೇ, ಓದುವ ಖುಷಿಯ ಮೇಲೆ ಕಾವಲು ಹಾಕಿದರೆ ಹೇಗಿರುತ್ತದೆ ಎಂಬುದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಹೆಂಗಸರಿಗೆ ಗೊತ್ತಿರಬೇಕು. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ನಮ್ಮ ಅಮ್ಮಂದಿರು, ಚಿಕ್ಕಮ್ಮಂದಿರು ಹೇಗೆ ಓದಿದರು? ಒಲೆಯ ಮುಂದೆ, ಅಕ್ಕಿ ಆರಿಸುವ ಮೊರದ ಅಡಿಯಲ್ಲಿ, ಭೂಗೋಳದ ಪುಸ್ತಕದ ನಡುವೆ ಇಟ್ಟುಕೊಂಡು. ಬಾಡಿಗೆ ಲೈಬ್ರರಿಯಿಂದ ತಂದ ಪುಸ್ತಕ ರಾತ್ರಿ ಬೆಳಗಾಗುವುದರೊಳಗೆ ಮೂರು ಮನೆ ಸುತ್ತುತ್ತಿತ್ತು. ‘ಕಾದಂಬರಿ ಓದಿ ಕೆಟ್ಟಳು’, ‘ಅದರಿಂದ ಏನು ಉಪಯೋಗ, ಹಪ್ಪಳ ಒತ್ತಿದ್ದರೆ ಒಂದು ಡಬ್ಬಿ ತುಂಬುತ್ತಿತ್ತು’ ಎಂಬ ಮಾತು ಕೇಳಿಯೂ ಓದಿದರು. ಯಾರೂ ಅವರಿಗೆ ಓದು ಎಂದಿರಲಿಲ್ಲ, ಪರೀಕ್ಷೆ ಇಟ್ಟಿರಲಿಲ್ಲ. ರುಚಿ ಹತ್ತಿತ್ತು, ಓದಿದರು. ಕನ್ನಡದ ಕಾದಂಬರಿಗಳು ಮರುಮುದ್ರಣ ಕಂಡದ್ದು ಇಂಥ ಕದ್ದು ಓದಿದವರಿಂದಲೂ ಹೌದು. ‘ಏನು ಉಪಯೋಗ’ ಎಂಬ ಮಾತಿನಿಂದ ಅಷ್ಟು ನೊಂದವರ ಹೆಣ್ಣುಮಕ್ಕಳು ಇಂದು ಅದೇ ಮಾತನ್ನು ಏಳು ವರ್ಷದ ಮಗುವಿಗೆ ಹೇಳುತ್ತಿದ್ದಾರೆಂದರೆ ನನಗೆ ತಡೆಯುವುದಿಲ್ಲ.

ನಮ್ಮ ಕಾಲದ ಮಕ್ಕಳಿಗೆ ‘ಚಂದಮಾಮ’ ಇತ್ತು. ಹೆಣ ಹೊತ್ತ ವಿಕ್ರಮ, ಮೌನ ಮುರಿದೊಡನೆ ಮರಕ್ಕೆ ಹಾರುವ ಬೇತಾಳ. ತಿಂಗಳಿಡೀ ಕಾಯುತ್ತಿದ್ದೆವು. 1947ರಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೂ ಬಂದ ಆ ಪತ್ರಿಕೆ 2013ರ ಹೊತ್ತಿಗೆ ನಿಂತೇಹೋಯಿತು. ಮಕ್ಕಳ ಕೈಗೆ ತಾನಾಗಿ ಬಂದು ಬೀಳುತ್ತಿದ್ದ ಕತೆ ಈಗ ಬರುವುದಿಲ್ಲ. ಇಂಗ್ಲಿಷ್ ಶಾಲೆಗೆ ಹೋಗುವ ಪಟ್ಟಣದ ಮಗುವಿಗೆ ಕನ್ನಡವೆಂದರೆ ವಾರಕ್ಕೆ ಕೆಲವು ಪಿರಿಯಡ್ ಮತ್ತು ಕಾಪಿ ಬರೆಯುವ ಶಿಕ್ಷೆ. ಮನೆಯಲ್ಲೂ ಅದಕ್ಕೆ ಕನ್ನಡದಲ್ಲಿ ಸಿಗುವುದು ಬರೀ ಉಪದೇಶ, ಇಂಗ್ಲಿಷಿನಲ್ಲಿ ಮಾತ್ರ ತಮಾಷೆ ಎಂದಾದರೆ, ಅದು ಯಾವ ಭಾಷೆಯ ಕಡೆಗೆ ಓಡುತ್ತದೆ ಎಂದು ಹೇಳಬೇಕಿಲ್ಲ. ನವೆಂಬರಿನಲ್ಲಿ ಬಾವುಟ ಹಾರಿಸಿ ಪ್ರಯೋಜನವಿಲ್ಲ. ಕನ್ನಡ ಉಳಿಯುವುದು ಏಳು ವರ್ಷದವರು ಕನ್ನಡದಲ್ಲಿ ನಕ್ಕರೆ.

ಸುಲಭವಾದ ಪುಸ್ತಕವೆಂದರೆ ಬರೆಯಲೂ ಸುಲಭ ಎಂದುಕೊಂಡವರಿಗೆ ಒಂದು ಮಾತು. 1954ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯಲ್ಲಿ ಜಾನ್ ಹರ್ಸಿ ಎಂಬ ಲೇಖಕರು, ಶಾಲೆಯ ಮೊದಲ ಓದಿನ ಪುಸ್ತಕಗಳು ಎಷ್ಟು ಸಪ್ಪೆ ಎಂದು ಜಾಡಿಸಿ ಬರೆದರು. ಆಗ ಡಾ. ಸ್ಯೂಸ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ಎಳೆಯರಿಗೆ ಗೊತ್ತಿರಬಹುದಾದ ಪದಗಳ ಪಟ್ಟಿ ಹಿಡಿದು ಕೂತರು. 1957ರಲ್ಲಿ ಹೊರಬಂದ ಅವರ ‘ದಿ ಕ್ಯಾಟ್ ಇನ್ ದಿ ಹ್ಯಾಟ್’ನಲ್ಲಿ ಇರುವುದು 236 ಪದಗಳು ಮಾತ್ರ. 1960ರ ‘ಗ್ರೀನ್ ಎಗ್ಸ್ ಅಂಡ್ ಹ್ಯಾಮ್’ನಲ್ಲಿ ಐವತ್ತೇ! ಅಷ್ಟರಲ್ಲೇ ಮನೆಯೆಲ್ಲ ರಂಪ, ನಗು, ಪ್ರಾಸ. ನಮ್ಮಲ್ಲಿ ಮಹಾಕಾವ್ಯ ಬರೆಯುವ ಉಮೇದಿನವರು ಬಹಳ ಮಂದಿ ಇದ್ದಾರೆ. ಒತ್ತಕ್ಷರ ಕಡಿಮೆ ಇರುವ ಐವತ್ತು ಕನ್ನಡ ಪದಗಳಲ್ಲಿ ಮಗುವನ್ನು ನಗಿಸುವ ಒಂದು ಕತೆ ಬರೆದುಕೊಡಲಿ, ನಾನು ಮೊದಲ ಪ್ರತಿ ಕೊಳ್ಳುತ್ತೇನೆ.

‘ಬರೀ ತಮಾಷೆ ಓದಿದರೆ ಗಟ್ಟಿ ಪುಸ್ತಕ ಓದುವುದು ಯಾವಾಗ?’ ಎಂದು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಹಾಲು ಕುಡಿದು, ಗಂಜಿ ಉಂಡು, ಆಮೇಲೆ ತಾನೇ ಮುದ್ದೆ? ನನ್ನ ಜಗಲಿಯಲ್ಲಿ ಇಲಿಯ ಪುಸ್ತಕದಿಂದ ಶುರು ಮಾಡಿದ ಮಕ್ಕಳೇ ನಾಲ್ಕೈದು ವರ್ಷದಲ್ಲಿ ಕಾರಂತರ ‘ಬಾಲಪ್ರಪಂಚ’ವನ್ನು ಹೊಟ್ಟೆಯ ಮೇಲೆ ಮಲಗಿ ತಿರುವಿಹಾಕಿದ್ದಾರೆ. 1936ರ ಆ ಮೂರು ಸಂಪುಟಗಳಷ್ಟು ಗಟ್ಟಿ ಇನ್ನೇನು ಬೇಕು? ಮೊದಲೇ ಗಟ್ಟಿಯದನ್ನು ತುರುಕಿಸಿಕೊಂಡ ಮಕ್ಕಳು ಮಾತ್ರ ನನ್ನ ಜಗಲಿಗೆ ಬರುವುದನ್ನೇ ಬಿಟ್ಟರು.

ಹಾಗಾದರೆ ಆರಿಸುವುದು ಹೇಗೆ? ಮುಖಪುಟದ ಬಣ್ಣಕ್ಕೆ ಮರುಳಾಗದೆ ಪುಸ್ತಕದ ನಡುವಿನ ಒಂದು ಪುಟ ತೆರೆಯಿರಿ. ಅಕ್ಷರ ದಪ್ಪಗಿದೆಯೇ, ಸಾಲುಗಳ ನಡುವೆ ಉಸಿರಾಡಲು ಜಾಗವಿದೆಯೇ ನೋಡಿ. ಸಾಲಿನ ಕೊನೆಯಲ್ಲಿ ಪದವನ್ನು ಕತ್ತರಿಸಿ ಅರ್ಧ ಕೆಳಗೆ ಎಸೆದಿದ್ದರೆ ಅಲ್ಲೇ ಇಟ್ಟುಬಿಡಿ. ದೊಡ್ಡವರಿಗೆ ಅದು ಲೆಕ್ಕಕ್ಕಿಲ್ಲ, ಎಳೆಯರು ಅಲ್ಲೇ ಎಡವುತ್ತಾರೆ. ಸಂಧಿ ಮಾಡಿ ಮಾರುದ್ದ ಬೆಳೆಸಿದ ಪದಗಳಿದ್ದರೂ ಬೇಡ. ಚಿತ್ರ ಕತೆಯ ಜೊತೆ ನಡೆಯುತ್ತಿರಬೇಕು. ಓದಿದ ಪದ ಸರಿಯೋ ತಪ್ಪೋ ಎಂದು ಮಗು ಕೇಳುವುದು ಚಿತ್ರವನ್ನೇ. ಆಮೇಲೆ ಒಂದು ಪುಟವನ್ನು ಮಗುವಿನ ಕೈಯಲ್ಲೇ ಓದಿಸಿ. ತಡವರಿಸಿದ ಪದಕ್ಕೊಂದು ಬೆರಳು ಮಡಿಸುತ್ತಾ ಹೋಗಲಿ. ಒಂದೇ ಪುಟಕ್ಕೆ ಐದೂ ಬೆರಳು ಮಡಿಸಿದರೆ ಆ ಪುಸ್ತಕ ಮುಂದಿನ ವರ್ಷಕ್ಕೆ, ಅಥವಾ ನೀವೇ ಓದಿ ಹೇಳಲಿಕ್ಕೆ. ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕು ಪುಸ್ತಕ ಮುಂದಿಟ್ಟು ಆಯ್ಕೆಯನ್ನು ಮಗುವಿಗೇ ಬಿಡಿ. ಸೀರೆಯಂಗಡಿಯಲ್ಲಿ ನಮ್ಮ ಆಯ್ಕೆ ನಮಗೆ ಎನ್ನುವವರು ನಾವು!

ಪುಸ್ತಕ ಎಲ್ಲಿದೆ ಎನ್ನಬೇಡಿ. ಕೇಂದ್ರ ಸರ್ಕಾರ 1957ರಲ್ಲಿ ಸ್ಥಾಪಿಸಿದ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯದ ಪುಸ್ತಕಗಳು ಕನ್ನಡದಲ್ಲೂ ಇವೆ. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳನ್ನು ಓದಿನ ನಾಲ್ಕು ಹಂತಗಳಾಗಿ ವಿಂಗಡಿಸಿದೆ. 2015ರಿಂದ ಅವರ ‘ಸ್ಟೋರಿವೀವರ್’ನಲ್ಲಿ ಕನ್ನಡದ ಕತೆಗಳನ್ನು ಮೊಬೈಲಿನಲ್ಲೇ ಪುಕ್ಕಟೆ ಓದಬಹುದು. ಚೆನ್ನೈನ ತೂಲಿಕಾ ಕನ್ನಡ–ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಚೆಂದದ ಪುಸ್ತಕಗಳನ್ನು ತಂದಿದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಪಟ್ಟಣದವರು ಮನೆ ಕಂದಾಯದ ನೂರು ರೂಪಾಯಿಗೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ರಸೀದಿ ಹಿಡಿದು ಹೋಗಿ, ‘ಮಕ್ಕಳ ಕಪಾಟು ಎಲ್ಲಿದೆ? ಬೀಗ ಯಾಕೆ ಹಾಕಿದ್ದೀರಿ?’ ಎಂದು ಕೇಳಿ. ನಾಲ್ಕು ಜನ ಹೆಂಗಸರು ಒಟ್ಟಿಗೆ ಹೋಗಿ ಕೇಳಿದರೆ ಬೀಗದ ಕೈ ಬೇಗ ಸಿಗುತ್ತದೆ.

ಪುಸ್ತಕ ತಂದುಕೊಟ್ಟ ಮೇಲೆ ಇನ್ನೊಂದೇ ಕೆಲಸ ಉಳಿದಿದೆ, ಅದೇ ಕಷ್ಟದ್ದು: ಸುಮ್ಮನಿರುವುದು. ಮಗು ಪುಟ ಹಾರಿಸಲಿ, ಅರ್ಧಕ್ಕೆ ಬಿಡಲಿ, ಚಿತ್ರವನ್ನೇ ನೋಡುತ್ತಾ ಕೂರಲಿ. ಓದಿ ನಕ್ಕರೆ, ‘ಎಲ್ಲಿ, ನನಗೂ ತೋರಿಸು’ ಎಂದು ಪಕ್ಕದಲ್ಲಿ ಕೂತು ನೀವೂ ನಗಿ.