‘ಸರ್ವರ್ ಡೌನ್’ ಅಂದ್ರೆ ನಿಜಕ್ಕೂ ಡೌನ್ ಆಗಿದ್ದು ಯಾವುದು? 28,224 ಗಂಟೆಗೆ ಕೈಕೊಡುವ ಪೆಟ್ಟಿಗೆಯ ಕತೆ

ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದ್ರೆ ಸರ್ವರ್ ಡೌನ್. ನ್ಯಾಯಬೆಲೆ ಅಂಗಡಿ ಮುಂದೆ ಕ್ಯೂ ನಿಂತ್ರೆ ಹೆಬ್ಬೆಟ್ಟು ತಗೊಳ್ತಿಲ್ಲ, ಸರ್ವರ್ ಡೌನ್. ಬ್ಯಾಂಕಲ್ಲಿ ಪಾಸ್‌ಬುಕ್ ಎಂಟ್ರಿಗೂ ಅದೇ ಮಾತು. ಕರೆಂಟ್ ಹೋದ್ರೆ ನಾವು ಲೈನ್‌ಮನ್‌ಗೆ ಫೋನ್ ಹಚ್ಚಿ ಟಿಸಿ ಸುಟ್ಟಿದೆಯಾ, ಫೀಡರ್ ಟ್ರಿಪ್ ಆಗಿದೆಯಾ ಅಂತ ವಿಚಾರಿಸ್ತೀವಿ. ಸರ್ವರ್ ಡೌನ್ ಅಂದ್ರೆ ಮಾತ್ರ ಒಂದು ಮಾತೂ ಕೇಳದೆ ವಾಪಸ್ ಬರ್ತೀವಿ.

ಕೇಳಬೇಕಾದದ್ದು ಇದೆ. ಯಾಕಂದ್ರೆ ಎಲ್ಲಾ ‘ಸರ್ವರ್ ಡೌನ್’ ಒಂದೇ ಅಲ್ಲ. 2025ರ ಏಪ್ರಿಲ್ 12ರಂದು ದೇಶಾದ್ಯಂತ ಯುಪಿಐ ಕೈಕೊಟ್ಟಿದ್ದು ನೆನಪಿರಬಹುದು. ಕೆಲವು ಬ್ಯಾಂಕುಗಳು ‘ಈ ಪೇಮೆಂಟ್ ಏನಾಯ್ತು’ ಅಂತ ಪದೇ ಪದೇ ವಿಚಾರಿಸಿ ವ್ಯವಸ್ಥೆ ಮೇಲೆ ಹೊರೆ ಹಾಕಿದ್ದೇ ಕಾರಣ ಎಂದು ಎನ್‌ಪಿಸಿಐ ಹೇಳಿತು. ಅದೇ ವರ್ಷದ ಆರಂಭದಲ್ಲಿ ನಮ್ಮ ಕಾವೇರಿ 2.0 ನಿಂತು ನೋಂದಣಿ ಕೆಲಸ ಹಳ್ಳ ಹಿಡಿದಾಗ, ಬೇಕಂತಲೇ ಸುಳ್ಳು ಟ್ರಾಫಿಕ್ ನುಗ್ಗಿಸಿದ ಡಿಡಾಸ್ ದಾಳಿ ಅದು ಎಂದಿತು ಸರ್ಕಾರ. ಒಂದು ಒಳಗಿನವರ ಕಾಟ, ಇನ್ನೊಂದು ಹೊರಗಿನವರ ಕಿತಾಪತಿ.

ಇವೆರಡೂ ಅಲ್ಲದ ಮೂರನೇ ಬಗೆಯೊಂದಿದೆ. ಅದರಲ್ಲಿ ಯಾರೂ ದಾಳಿ ಮಾಡಿರಲ್ಲ, ಜನ ಮುಗಿಬಿದ್ದಿರಲ್ಲ. ಯಂತ್ರ ಹೀಗೆ ಕೈಕೊಡುತ್ತೆ ಅಂತ ಅದನ್ನು ಮಾಡಿದ ಕಂಪನಿಯೇ ಬರೆದು ಪ್ರಕಟಿಸಿರುತ್ತೆ. ರಿಪೇರಿಯೂ ರೆಡಿ ಇರುತ್ತೆ. ಹಾಕುವವರು ಹಾಕಿರಲ್ಲ.

ಗೋಡೆ ಮೇಲಿನ ಸ್ವಿಚ್ ಅಲ್ಲ

ಡೇಟಾ ಸೆಂಟರ್ ಅಂದ್ರೆ ಏಸಿ ಹಾಕಿದ ದೊಡ್ಡ ಹಾಲ್, ಸಾಲು ಸಾಲು ಕಬ್ಬಿಣದ ರ‍್ಯಾಕ್, ಅದರ ತುಂಬ ಸರ್ವರ್. ನಮ್ಮ ಪಹಣಿ, ಖಾತೆ ಬ್ಯಾಲೆನ್ಸ್ ಎಲ್ಲಾ ಕೂತಿರೋದು ಇಂಥ ಕಡೆಗಳಲ್ಲೇ. ಈ ಸರ್ವರ್‌ಗಳನ್ನು ಒಂದಕ್ಕೊಂದು, ಹಾಗೇ ಹೊರಗಿನ ಲೋಕಕ್ಕೆ ಸೇರಿಸೋ ಪೆಟ್ಟಿಗೆಗೆ ನೆಟ್‌ವರ್ಕ್ ಸ್ವಿಚ್ ಅಂತಾರೆ. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಇದ್ದ ಹಾಗೆ ಅದು. ಬಸ್ಸುಗಳೆಲ್ಲಾ ಸರಿಯಾಗೇ ಇದ್ರೂ ಕಂಟ್ರೋಲರ್ ತಲೆಸುತ್ತಿ ಬಿದ್ರೆ ಯಾವ ಬಸ್ಸೂ ಹೊರಡಲ್ಲ. ಸ್ವಿಚ್ ಕೆಟ್ಟಾಗಲೂ ಅಷ್ಟೇ. ಸರ್ವರ್‌ಗೆ ಏನೂ ಆಗಿರಲ್ಲ, ಅಲ್ಲಿಗೆ ಹೋಗೋ ದಾರಿ ಮುಚ್ಚಿರುತ್ತೆ. ಕೌಂಟರ್ ಮುಂದೆ ನಿಂತವರಿಗೆ ಎರಡೂ ಒಂದೇ.

ಈ ಸ್ವಿಚ್ ಒಳಗೂ ಒಂದು ಸಾಫ್ಟ್‌ವೇರ್ ಇರುತ್ತೆ. ಅದಕ್ಕೆ ಫರ್ಮ್‌ವೇರ್ ಎನ್ನುವುದು ವಾಡಿಕೆ. ಮೊಬೈಲ್‌ಗೆ ಅಪ್‌ಡೇಟ್ ಬರುವ ಹಾಗೆ ಇದಕ್ಕೂ ಬರುತ್ತೆ. ಪ್ರತಿ ಅಪ್‌ಡೇಟ್ ಜೊತೆ ಕಂಪನಿ ಒಂದು ಟಿಪ್ಪಣಿ ಕೊಡುತ್ತೆ: ಯಾವ ದೋಷ ಸರಿ ಮಾಡಿದ್ದೀವಿ, ಯಾವುದು ಗೊತ್ತಿದ್ರೂ ಇನ್ನೂ ಸರಿಯಾಗಿಲ್ಲ ಅಂತ. ಸಿಸ್ಕೋ ಕಂಪನಿ ತನ್ನ ಟಿಪ್ಪಣಿಗಳಲ್ಲಿ ಇಂಥ ದೋಷಕ್ಕೆ ಬಳಸೋ ಪದ ‘ಕೇವಿಯಟ್’. ಹೌದು, ಜಮೀನು ವ್ಯಾಜ್ಯದಲ್ಲಿ ನಮ್ಮ ವಕೀಲರು ಕೋರ್ಟಿಗೆ ಹಾಕ್ತಾರಲ್ಲ, ಅದೇ ಪದ.

ಸ್ಟೆಪ್ನಿಯೂ ಅದೇ ಹೊತ್ತಿಗೆ ಪಂಕ್ಚರ್

ಡೇಟಾ ಸೆಂಟರ್‌ಗಳಲ್ಲಿ ತುಂಬಾ ಬಳಕೆಯಲ್ಲಿರುವ ಸ್ವಿಚ್‌ಗಳಲ್ಲಿ ಸಿಸ್ಕೋದ ನೆಕ್ಸಸ್ 9000 ಮತ್ತು 3000 ಸರಣಿಯವು ಸೇರಿವೆ. ಇವುಗಳಲ್ಲಿ ಕೆಲವಕ್ಕೆ ಹಾಕಿದ್ದ ಮೈಕ್ರಾನ್ ಕಂಪನಿಯ ಒಂದು ಮಾಡೆಲ್ ಎಸ್‌ಎಸ್‌ಡಿ ಡಿಸ್ಕ್ ಬಗ್ಗೆ ಸಿಸ್ಕೋ ಫೀಲ್ಡ್ ನೋಟಿಸ್ ಹೊರಡಿಸಿತ್ತು. ಒಟ್ಟು 28,224 ಗಂಟೆ ಓಡಿದ ಮೇಲೆ ಆ ಡಿಸ್ಕ್ ಹೊಸದಾಗಿ ಏನನ್ನೂ ಬರೆದುಕೊಳ್ಳಲ್ಲ, ಸ್ವಿಚ್ ಕೈಕೊಡುತ್ತೆ. ಗಂಟೆಯನ್ನು ದಿನಕ್ಕೆ ತಿರುಗಿಸಿದ್ರೆ 1,176 ದಿನ, ಹೆಚ್ಚುಕಮ್ಮಿ ಮೂರೂಕಾಲು ವರ್ಷ. ಪವರ್ ತೆಗೆದು ಮತ್ತೆ ಹಾಕಿದ್ರೆ ಎದ್ದು ಕೂರುತ್ತೆ. ಆದರೆ ಅಲ್ಲಿಂದ 1,008 ಗಂಟೆಗೆ, ಅಂದ್ರೆ 42ನೇ ದಿನಕ್ಕೆ ಮತ್ತೆ ಮಲಗುತ್ತೆ. ಹೊಸ ಸಾಫ್ಟ್‌ವೇರ್ ಹಾಕಿದ್ರಷ್ಟೇ ಗುಣ.

ಇದರಲ್ಲಿ ನನಗೆ ಭಯ ಹುಟ್ಟಿಸಿದ್ದು ಗಂಟೆ ಲೆಕ್ಕ ಅಲ್ಲ. ಇಂಥ ಸ್ವಿಚ್‌ಗಳನ್ನು ಸಾಮಾನ್ಯವಾಗಿ ಜೋಡಿಯಾಗಿ ಹಾಕ್ತಾರೆ, ಒಂದು ಕೆಟ್ರೆ ಇನ್ನೊಂದು ಇರಲಿ ಅಂತ. ಆದರೆ ಎರಡನ್ನೂ ಒಂದೇ ದಿನ ಪ್ಯಾಕ್ ಒಡೆದು, ಒಂದೇ ದಿನ ಆನ್ ಮಾಡಿದ್ರೆ? ಎರಡರ ಗಡಿಯಾರವೂ ಒಟ್ಟಿಗೇ 28,224 ಮುಟ್ಟುತ್ತೆ. ಘಾಟಿಯಲ್ಲಿ ಟೈರ್ ಒಡೆದು ಇಳಿದು ನೋಡಿದ್ರೆ ಸ್ಟೆಪ್ನಿಯೂ ಅದೇ ಹೊತ್ತಿಗೆ ಗಾಳಿ ಕಳೆದುಕೊಂಡ ಹಾಗೆ. ‘ನಮ್ಮಲ್ಲಿ ಬ್ಯಾಕಪ್ ಇದೆ’ ಅನ್ನೋ ಮಾತಿಗೆ ಇಲ್ಲಿ ಬೆಲೆಯೇ ಇಲ್ಲ.

ಇದು ಬರೀ ಊಹೆ ಅಲ್ಲ. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ತನ್ನ ಸರ್ವರ್‌ಗಳ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆಗೆ, ಅಂದ್ರೆ 3 ವರ್ಷ 270 ದಿನ 8 ಗಂಟೆಗೆ ಸಾಯುತ್ತವೆ, ಒಳಗಿನ ಡೇಟಾ ವಾಪಸ್ ಸಿಗಲ್ಲ ಎಂದು ಎಚ್ಚರಿಸಿತು. ಒಟ್ಟಿಗೆ ಹಾಕಿದ ಡಿಸ್ಕ್‌ಗಳು ಹೆಚ್ಚುಕಮ್ಮಿ ಒಟ್ಟಿಗೇ ಹೋಗುತ್ತವೆ ಅಂತಲೂ ಅದೇ ನೋಟಿಸಿನಲ್ಲಿತ್ತು. ಆ 32,768 ಸುಮ್ಮನೆ ಬಂದ ಸಂಖ್ಯೆ ಅಲ್ಲ. ಕಂಪ್ಯೂಟರಿನ ಒಂದು ಬಗೆಯ ಎಣಿಕೆ ಪಟ್ಟಿ 32,767ಕ್ಕೇ ಮುಗಿಯುತ್ತೆ. ಹಳೇ ಸ್ಕೂಟರ್ ಮೀಟರ್ 99999 ಆದಮೇಲೆ ಸೊನ್ನೆಗೆ ಬರ್ತಿತ್ತಲ್ಲ, ಆ ಥರ.

ನೌರೂಜ್ ರಜೆಯಲ್ಲಿ ಬಾಕಿ ಉಳಿದ ಕೆಲಸ

ದೋಷ ಗೊತ್ತಿದ್ದೂ ಸುಮ್ಮನಿದ್ರೆ ಏನಾಗುತ್ತೆ ಅನ್ನೋದಕ್ಕೆ ಇರಾನ್ ಕಡೆ ನೋಡಬೇಕು. ಸಿಸ್ಕೋ ಸ್ವಿಚ್‌ಗಳಲ್ಲಿ ‘ಸ್ಮಾರ್ಟ್ ಇನ್‌ಸ್ಟಾಲ್’ ಅಂತ ಒಂದು ಸೌಲಭ್ಯ ಇತ್ತು. ಹೊಸ ಸ್ವಿಚ್ ಹತ್ತಿರ ಯಾರೂ ಹೋಗದೆ ದೂರದಿಂದಲೇ ಸೆಟಪ್ ಮಾಡೋಕೆ. ಅನುಕೂಲ ಹೌದು, ಆದರೆ ಆ ಬಾಗಿಲನ್ನು ತೆರೆದೇ ಬಿಟ್ರೆ ಬೇರೆಯವರೂ ನುಗ್ಗಬಹುದು. ಇದರಲ್ಲಿದ್ದ ಒಂದು ಗಂಭೀರ ದೋಷಕ್ಕೆ ಸಿಸ್ಕೋ 2018ರ ಮಾರ್ಚ್ 28ರಂದು ಪ್ಯಾಚ್ ಬಿಟ್ಟಿತು. ಆಗ ಇರಾನಿನಲ್ಲಿ ನೌರೂಜ್, ಅವರ ಹೊಸ ವರ್ಷದ ರಜೆ. ನಮ್ಮ ಯುಗಾದಿ ಆಸುಪಾಸಿಗೇ ಬರುತ್ತೆ ಅದು. ಕೆಲವು ಕಂಪನಿಗಳು ರಜೆ ಗಲಾಟೆಯಲ್ಲಿ ಪ್ಯಾಚ್ ಹಾಕಲಿಲ್ಲ.

ಏಪ್ರಿಲ್ 6ರಂದು ಹೊಡೆತ ಬಿತ್ತು. ಸ್ವಿಚ್‌ಗಳ ಸೆಟ್ಟಿಂಗ್ ಅಳಿಸಿಹೋಗಿ ಇಂಟರ್ನೆಟ್ ನಿಂತಿತು. ಪರದೆ ಮೇಲೆ ಅಮೆರಿಕದ ಬಾವುಟ, ‘ನಮ್ಮ ಚುನಾವಣೆ ತಂಟೆಗೆ ಬರಬೇಡಿ’ ಅನ್ನೋ ಬರಹ. ಜಗತ್ತಿನಾದ್ಯಂತ ಸುಮಾರು 2 ಲಕ್ಷ ಉಪಕರಣಗಳಿಗೆ ಪೆಟ್ಟು ಬಿತ್ತು, ಇರಾನಿನಲ್ಲೇ 3,500 ಎಂದು ಅಲ್ಲಿನ ಸರ್ಕಾರ ಲೆಕ್ಕ ಕೊಟ್ಟಿತು. ಪ್ಯಾಚ್‌ಗೂ ದಾಳಿಗೂ ನಡುವೆ ಇದ್ದದ್ದು ಒಂಬತ್ತು ದಿನ.

ಆಮೇಲಾದ್ರೂ ಎಲ್ಲರೂ ಪ್ಯಾಚ್ ಹಾಕಿರಬೇಕಲ್ವಾ? ಇಲ್ಲ. ಏಳು ವರ್ಷ ಬಿಟ್ಟು, 2025ರ ಆಗಸ್ಟ್ 20ರಂದು ಅಮೆರಿಕದ ಎಫ್‌ಬಿಐ ಹೊಸ ಎಚ್ಚರಿಕೆ ಕೊಟ್ಟಿತು. ರಷ್ಯಾದ ಗುಪ್ತಚರ ಸಂಸ್ಥೆ ಎಫ್‌ಎಸ್‌ಬಿಗೆ ಸೇರಿದವರು 2018ರ ಅದೇ ದೋಷ ಹಿಡಿದುಕೊಂಡು ಸಾವಿರಾರು ನೆಟ್‌ವರ್ಕ್ ಉಪಕರಣಗಳ ಸೆಟ್ಟಿಂಗ್ ಫೈಲ್ ಕದ್ದಿದ್ದಾರೆ ಅಂತ. ದುಡ್ಡಿರೋ ಅಮೆರಿಕದ ಸಂಸ್ಥೆಗಳ ಪಾಡೇ ಇದು.

ಹಾಗಾದ್ರೆ ಯಾಕೆ ಹಾಕಲ್ಲ?

ಸೋಮಾರಿತನ ಅಂದುಬಿಡೋದು ಸುಲಭ. ನನ್ನ ಪ್ರಕಾರ ಅದು ಅರ್ಧ ಉತ್ತರ. ಫರ್ಮ್‌ವೇರ್ ಹಾಕಿದ್ರೆ ಸಾಮಾನ್ಯವಾಗಿ ಸ್ವಿಚ್ ರೀಸ್ಟಾರ್ಟ್ ಆಗಬೇಕು. ಆ ಹೊತ್ತು ಅದರ ಮೇಲಿನ ಕೆಲಸ ನಿಲ್ಲುತ್ತೆ. ಹಗಲಲ್ಲಿ ಮಾಡಂಗಿಲ್ಲ. ರಾತ್ರಿ ಒಂದು ಗಂಟೆಗೆ ಮಾಡ್ಬೇಕಂದ್ರೆ ಮೇಲಿನವರ ಸಹಿ ಬೇಕು. ಬಹಳ ಸಲ ಹೊಸ ಫರ್ಮ್‌ವೇರ್ ಇಳಿಸಿಕೊಳ್ಳೋಕೇ ಕಂಪನಿ ಜೊತೆ ದುಡ್ಡು ಕಟ್ಟಿದ ಸಪೋರ್ಟ್ ಕರಾರು ಇರಬೇಕು. ಮಾಡೆಲ್ ಹಳೇದಾದ್ರೆ ಕಂಪನಿ ಅಪ್‌ಡೇಟ್ ಕೊಡೋದನ್ನೇ ನಿಲ್ಲಿಸಿರುತ್ತೆ.

ಇದಕ್ಕಿಂತ ದೊಡ್ಡದು ಭಯ. ಓಡ್ತಿರೋ ಯಂತ್ರಕ್ಕೆ ಯಾಕಪ್ಪಾ ಕೈ ಹಾಕೋದು ಅಂತ. ಆ ಭಯ ಸುಳ್ಳಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿಗೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅದು ಸ್ವಿಚ್ ಅಲ್ಲದಿರಬಹುದು, ಆದರೆ ಅಪ್‌ಡೇಟ್ ಬಟನ್ ಒತ್ತೋ ಎಂಜಿನಿಯರ್ ಕಣ್ಣ ಮುಂದೆ ಬರೋದು ಅದೇ ನೀಲಿ ಪರದೆ. ಅಪ್‌ಡೇಟ್ ಹಾಕಿ ಕೆಟ್ರೆ ಹಾಕಿದವನ ಹೆಸರು ಬರುತ್ತೆ. ಹಾಕದೆ ಕೆಟ್ರೆ ‘ತಾಂತ್ರಿಕ ದೋಷ’ ಅಂತ ಪ್ರಕಟಣೆ ಹೊರಡುತ್ತೆ, ಯಾರ ಹೆಸರೂ ಇರಲ್ಲ. ಈ ಲೆಕ್ಕಾಚಾರದಲ್ಲಿ ಸುಮ್ಮನಿರೋದೇ ಜಾಣತನ ಆಗಿಬಿಟ್ಟಿದೆ.

ದಾರಿ ಇಲ್ಲದೇ ಇಲ್ಲ. ಮೊದಲು ಆ ಟಿಪ್ಪಣಿ ಓದಬೇಕು. ಜೋಡಿಯಲ್ಲಿ ಒಂದಕ್ಕೆ ಮಾತ್ರ ಹೊಸದು ಹಾಕಿ ಕೆಲವು ದಿನ ನೋಡಿ, ಆಮೇಲೆ ಇನ್ನೊಂದಕ್ಕೆ ಹಾಕಬೇಕು. ಹೀಗೆ ಮಾಡಿದ್ರೆ ಕೆಟ್ಟ ಅಪ್‌ಡೇಟ್ ಬಂದ್ರೂ ಒಂದು ಉಳಿಯುತ್ತೆ.

ನಾವು ಯಾರನ್ನ ಕೇಳೋದು?

ನಮ್ಮೂರ ಸಣ್ಣ ಬ್ಯಾಂಕಿನ ಮ್ಯಾನೇಜರ್ ಹತ್ರ ಸ್ವಿಚ್ ಬಗ್ಗೆ ಕೇಳಿದ್ರೆ ಪಾಪ ಅವರಿಗೂ ಗೊತ್ತಿರಲ್ಲ. ಯಂತ್ರ ಅವರದ್ದಲ್ಲ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಅನ್ನೋ ಕಂಪನಿಯ ಮೇಲೆ ರ‍್ಯಾನ್‌ಸಮ್‌ವೇರ್ ದಾಳಿ ಆದಾಗ ಎನ್‌ಪಿಸಿಐ ಅದರ ಸಂಪರ್ಕವನ್ನೇ ಕಡಿದಿಟ್ಟಿತ್ತು. ಪರಿಣಾಮ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪೇಮೆಂಟ್ ನಿಂತಿತು. ಹೆಚ್ಚಿನವು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಆಮೇಲೆ ಸರಿ ಹೋಯ್ತು. ಕಾರಣ ಬೇರೆಯಾದ್ರೂ ವಿಷಯ ಒಂದೇ: ನೂರಾರು ಊರಿನ ಕೌಂಟರ್ ನಿಂತಿರೋದು ಎಲ್ಲೋ ಇರುವ ಒಂದು ಕಂಪನಿಯ ಕೋಣೆ ಮೇಲೆ.

ಸಹಕಾರಿ ಬ್ಯಾಂಕಿನಲ್ಲಿ ಷೇರು ಇಟ್ಟವರು ನಮ್ಮ ವರ್ತಕರಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟು, ಊಟಕ್ಕೆ ಏನು ಅಂತ ಕೇಳೋದರ ಜೊತೆ ಇದನ್ನೂ ಕೇಳಿ: ನಮ್ಮ ಡೇಟಾ ಇಟ್ಟಿರೋ ಕಂಪನಿ ಯಾವುದು, ಅವರ ಯಂತ್ರಗಳಿಗೆ ಕಂಪನಿ ಸಪೋರ್ಟ್ ಇನ್ನೂ ಇದೆಯಾ, ಹೋದ ವರ್ಷ ಎಷ್ಟು ಸಲ ಪ್ಲಾನ್ ಮಾಡಿ ನಿಲ್ಲಿಸಿದ್ರು, ಎಷ್ಟು ಸಲ ತಾನಾಗೇ ನಿಂತಿತು. ಸರ್ಕಾರಿ ಕಚೇರಿಗಾದ್ರೆ ಕೊನೆಯ ಎರಡು ಪ್ರಶ್ನೆಗೆ ಮಾಹಿತಿ ಹಕ್ಕಿನ ಅರ್ಜಿ ಸಾಕು. ಯಾವ ಮಾಡೆಲ್, ಯಾವ ವರ್ಷನ್ ಅಂತ ಮಾತ್ರ ಕೇಳಬೇಡಿ. ಅದು ಕಳ್ಳರಿಗೆ ಬೇಕಾದ ಮಾಹಿತಿ, ಕೊಡೋದೂ ಇಲ್ಲ.

ಹಾಗೇ, ‘ಇಂದು ರಾತ್ರಿ 1ರಿಂದ 3ರವರೆಗೆ ಸೇವೆ ಇರುವುದಿಲ್ಲ’ ಅಂತ ಬ್ಯಾಂಕಿಂದ ಮೆಸೇಜ್ ಬಂದ್ರೆ ಬೈಕೋಬೇಡಿ. ಸಂತೆ ದಿನ ಮಧ್ಯಾಹ್ನ ಹೇಳದೆ ಕೇಳದೆ ನಿಲ್ಲೋದಕ್ಕಿಂತ ಅದು ವಾಸಿ.

ಅಂಗಡಿಯವರಿಗೆ ಇನ್ನೊಂದು ಮಾತು. ಬಿಲ್ಲಿಂಗ್ ಮತ್ತು ಸಿಸಿಟಿವಿಗೆ ಹಾಕಿಸಿಕೊಂಡ ವೈಫೈ ರೂಟರ್ ಕೂಡ ಇದೇ ಕುಲದ್ದು, ಅದಕ್ಕೂ ಫರ್ಮ್‌ವೇರ್ ಇದೆ. ಅಪ್‌ಡೇಟ್ ನಿಂತುಹೋದ ಹಳೇ ರೂಟರ್‌ಗಳನ್ನು ಕಳ್ಳರು ಹೈಜಾಕ್ ಮಾಡಿ ತಮ್ಮ ಜಾಡು ಮುಚ್ಚಿಕೊಳ್ಳೋಕೆ ಬಳಸ್ತಿದ್ದಾರೆ ಅಂತ ಎಫ್‌ಬಿಐ 2025ರ ಮೇ ತಿಂಗಳಲ್ಲಿ ಎಚ್ಚರಿಸಿತ್ತು. ಕನೆಕ್ಷನ್ ಕೊಟ್ಟ ಹುಡುಗ ಮುಂದಿನ ಸಲ ಬಂದಾಗ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿದ್ದಾನಾ, ಈ ಮಾಡೆಲ್‌ಗೆ ಅಪ್‌ಡೇಟ್ ಇನ್ನೂ ಬರ್ತಿದೆಯಾ ಅಂತ ಕೇಳಿ. ಮಾಡೆಲ್ ನಂಬರ್ ಸಾಮಾನ್ಯವಾಗಿ ರೂಟರ್ ತಳದ ಸ್ಟಿಕರ್‌ನಲ್ಲೇ ಇರುತ್ತೆ.